ಒಳಗ ಏನ್ ಕೇಳಿದ್ರು?

ಬಳ್ಳಾರಿಯ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ನಾನು ಗ್ರಂಥಪಾಲಕಿಯಾಗಿದ್ದೆ. ಕೊನೆಯ ಕೆಲವು ವರ್ಷ ಇನ್ನೊಂದು ಕೆಲಸವೂ ನನ್ನ ಹೆಗಲಿಗೆ ಬಿತ್ತು. ಕೆಲಸದ ಸಂದರ್ಶನಕ್ಕೆ ಹೋಗಿ ಬಂದ ವಿದ್ಯಾರ್ಥಿಗಳಿಂದ ಅವರ ಅನುಭವ ಬರೆಸಿ ಕಾಲೇಜಿನ ವೆಬ್‌ಸೈಟಿಗೆ ಹಾಕುವುದು. ಆದೇಶದಲ್ಲಿ ಇದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಹುಡುಗರು ಮಾತ್ರ 'ಅನುಭವದ ಪುಟ' ಎನ್ನುತ್ತಿದ್ದರು. ನಾನು ನಿವೃತ್ತಳಾದ ಮೇಲೆ ಆ ಕೆಲಸಕ್ಕೆ ಬಂದ ಹೊಸ ಉಪನ್ಯಾಸಕಿ ಒಂದು ದಿನ ಫೋನ್ ಮಾಡಿ, "ಮೇಡಂ, ಇದರಾಗ ಏನ್ ಮಾಡಬೇಕು, ಏನ್ ಮಾಡಬಾರದು, ಸ್ವಲ್ಪ ಹೇಳ್ರಿ" ಎಂದು ಕೇಳಿದರು. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮಾಡಬಾರದ್ದೇ ಇದರಲ್ಲಿ ಹೆಚ್ಚಿದ್ದರೆ ಅದಕ್ಕೆ ಕಾರಣ, ಅವನ್ನು ನಾನು ಮಾಡಿಯೇ ಕಲಿತದ್ದು.

ಇದೆಲ್ಲ ಶುರುವಾದದ್ದು ವರಾಂಡದಲ್ಲಿ. ಕಂಪನಿಯವರು ಸಂದರ್ಶನಕ್ಕೆ ಬಂದ ದಿನ ಲೈಬ್ರರಿಯ ಪಕ್ಕದ ಸೆಮಿನಾರ್ ಹಾಲನ್ನು ಅವರಿಗೆ ಬಿಟ್ಟುಕೊಡುತ್ತಿದ್ದರು. ಒಬ್ಬ ಹೊರಗೆ ಬಂದನೆಂದರೆ ಇಪ್ಪತ್ತು ಜನ ಸುತ್ತಿಕೊಳ್ಳುತ್ತಿದ್ದರು. "ಒಳಗ ಏನ್ ಕೇಳಿದ್ರಲೇ?" ಅವನು ಬೆವರು ಒರೆಸಿಕೊಳ್ಳುತ್ತ ಹೇಳುತ್ತಿದ್ದ. ಇಷ್ಟರಲ್ಲಿ ಸಿರುಗುಪ್ಪದ ಬಸ್ಸಿನ ಹೊತ್ತಾಗುತ್ತಿತ್ತು, ಕುರುಗೋಡಿನ ಬಸ್ಸಿನ ಹೊತ್ತಾಗುತ್ತಿತ್ತು. ಅರ್ಧ ಜನ ಚೀಲ ಎತ್ತಿಕೊಂಡು ಓಡುತ್ತಿದ್ದರು. ಅವನು ಹೇಳಿದ್ದು ಅಲ್ಲಿಗೇ ಮುಗಿಯಿತು. ಮುಂದಿನ ವರ್ಷದವರು ಅದೇ ವರಾಂಡದಲ್ಲಿ ಅದೇ ಪ್ರಶ್ನೆಗೆ ಮತ್ತೆ ಬೆವರುತ್ತಿದ್ದರು.

ಒಂದು ಸಲ ನಾನು ಇನ್ನೂರು ಪುಟದ ನೋಟ್‌ಬುಕ್ ತಂದು ಕೌಂಟರಿನ ಮೇಲಿಟ್ಟು, "ಹೋಗೋ ಮುಂಚೆ ನಾಲ್ಕು ಸಾಲು ಬರೆದು ಹೋಗ್ರಪಾ" ಎಂದೆ. ಕೆಲವರು ಬರೆದರು. ವರ್ಷ ಮುಗಿಯುವುದರೊಳಗೆ ಅದರ ಮೂಲೆಗಳು ಮಡಚಿ, ಹಾಳೆಗಳು ಬಿಡಿಯಾದವು. ನಮ್ಮಲ್ಲಿ ಇಷ್ಟು ಕೈ ಬದಲಾಯಿಸಿದ ಪುಸ್ತಕ ಬೇರೆ ಇರಲಿಲ್ಲ. ಇದನ್ನು ನೋಡಿದ ಕಂಪ್ಯೂಟರ್ ವಿಭಾಗದ ಗಿರೀಶ್ ಎರಡು ವಾರದಲ್ಲಿ ವೆಬ್‌ಸೈಟಿನಲ್ಲಿ ಒಂದು ಪುಟ ಮಾಡಿಕೊಟ್ಟರು. ಹುಡುಗರು ಫೋನಿನಿಂದಲೇ ಬರೆದು ಕಳಿಸಬಹುದು. ನಾನು ಓದಿ, ಒಪ್ಪಿಗೆ ಒತ್ತಿದರೆ ಎಲ್ಲರಿಗೂ ಕಾಣುತ್ತದೆ.

ಮೊದಲ ಮೂರು ತಿಂಗಳು ಯಾರೂ ಬರೆಯಲಿಲ್ಲ. ಫಾರ್ಮು ಇಂಗ್ಲಿಷಿನಲ್ಲಿತ್ತು. ಮೊದಲನೇ ಕಾಲಂ, ನಿಮ್ಮ ಒಟ್ಟಾರೆ ಅನುಭವವನ್ನು ವಿವರಿಸಿ. ಅದನ್ನು ನೋಡಿದ ಕೂಡಲೇ ಹುಡುಗರು ಫೋನ್ ಜೇಬಿಗಿಳಿಸುತ್ತಿದ್ದರು. ಆ ಕಾಲಂ ತೆಗೆಸಿ, ಅಲ್ಲಿ ಕನ್ನಡದಲ್ಲಿ 'ಒಳಗೆ ಏನು ಕೇಳಿದರು?' ಎಂದು ಹಾಕಿಸಿದೆ. ಕೆಳಗೆ, ಯಾವ ಭಾಷೆಯಲ್ಲಾದರೂ ಬರೆಯಿರಿ, ಬರೆಯಲು ಬೇಸರವಾದರೆ ಮಾತಾಡಿ ಕಳಿಸಿ ಎಂದು ಸೇರಿಸಿದೆವು. ಆಮೇಲೆ ಬರತೊಡಗಿದವು. ಮಾತಾಡಿ ಕಳಿಸಿದ್ದನ್ನು ಮಧ್ಯಾಹ್ನ ಊಟದ ನಂತರ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಾನೇ ಟೈಪ್ ಮಾಡುತ್ತಿದ್ದೆ. ಹಿಂದೆ ಬಸ್ಸಿನ ಹಾರ್ನ್, ಹಸುವಿನ ಕೂಗು, ತಾಯಿಯ ಬೈಗುಳ ಎಲ್ಲ ಕೇಳುತ್ತಿತ್ತು.

ನನ್ನ ಮೊದಲ ದೊಡ್ಡ ತಪ್ಪು ಕುರುಗೋಡಿನ ಶಿವರಾಜನ ಬರಹದಲ್ಲಾಯಿತು. ಬಿ.ಕಾಂ. ಕೊನೆಯ ವರ್ಷದ ಹುಡುಗ. ಗುಂಪು ಚರ್ಚೆಯಲ್ಲಿ ಸೋತು ಬಂದಿದ್ದ. ಅಲ್ಲಿಯವರೆಗೆ ಆಯ್ಕೆಯಾದವರಷ್ಟೇ ಬರೆಯುತ್ತಿದ್ದರು. ಸೋತು ಬಂದು ಬರೆದವನು ಇವನೇ ಮೊದಲು. ಅವನು ಹೀಗೆ ಬರೆದಿದ್ದ: "ಎಂಟು ಮಂದಿ ದುಂಡಗೆ ಕೂತೆವು. ನಾನು ನಾಲ್ಕು ಸಲ ಬಾಯಿ ತೆಗೆದೆ. ನಾಲ್ಕು ಸಲವೂ ಬೇರೆಯವರ ಮಾತು ಹೊರಗೆ ಬಂತು. ಆಮೇಲೆ ಸಾಕು ಅಂದರು."

ನಾನು ಇದನ್ನು ಓದಿ, ಕಾಲೇಜಿನ ಪುಟಕ್ಕೆ ಇದು ಸರಿಹೋಗದು ಎಂದುಕೊಂಡು ತಿದ್ದಿದೆ. "ಗುಂಪು ಚರ್ಚೆಯಲ್ಲಿ ಅಭ್ಯರ್ಥಿಯು ಆರಂಭದಲ್ಲಿಯೇ ತನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಮಂಡಿಸತಕ್ಕದ್ದು" ಎಂದು ಬರೆದು ಹಾಕಿದೆ. ನನ್ನ ಭಾಷೆಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಮರುದಿನ ಅವನು ಕೌಂಟರಿಗೆ ಬಂದು ಫೋನ್ ತೋರಿಸಿದ.

"ಮೇಡಂ, ಇದು ಯಾರು ಬರೆದಿದ್ದು?"

"ನೀನೇ ಅಲ್ಲೇನಪಾ? ನಿನ್ನ ಹೆಸರು ಐತಲ್ಲ."

"ಹೆಸರು ನಂದೈತ್ರಿ. ಬರೆದಿದ್ದು ನಾನಲ್ಲ. ನಾ ನಾಲ್ಕು ಸಲ ಬಾಯಿ ತೆಗೆದಿದ್ದು ಎಲ್ಲಿ ಹೋತ್ರಿ?"

"ಚಂದ ಕಾಣಲಿ ಅಂತ ತಿದ್ದಿದೆ" ಎಂದೆ.

"ಚಂದ ಇರಲಿ ಅಂತ ಬರೆದಿಲ್ರಿ. ಬಾಯಿ ತೆಗೆದ್ರೂ ಮಾತು ಬರಂಗಿಲ್ಲ ಅನ್ನೋದು ಮುಂದಿನವರಿಗೆ ಗೊತ್ತಾಗಲಿ ಅಂತ ಬರೆದೆ. ಸ್ಪಷ್ಟವಾಗಿ ಮಂಡಿಸತಕ್ಕದ್ದು ಅಂತ ಎಲ್ಲಾ ಪುಸ್ತಕದಾಗೂ ಐತ್ರಿ."

ಅವನ ಬರಹವನ್ನು ಅವನು ಬರೆದ ಹಾಗೆಯೇ ಮತ್ತೆ ಹಾಕಿದೆ. ಒಂದೇ ವಾರದಲ್ಲಿ ಕ್ಯಾಂಟೀನಿನಲ್ಲಿ ಅದನ್ನು ಗಟ್ಟಿಯಾಗಿ ಓದುವುದು ಕೇಳಿಸಿತು. ಹುಡುಗರು ನಕ್ಕರು, ಆದರೆ ಅವನನ್ನು ನೋಡಿ ನಗಲಿಲ್ಲ. ಎಲ್ಲರಿಗೂ ತಮ್ಮದೇ ಬಾಯಿ ನೆನಪಾಗಿತ್ತು. ಆಮೇಲೆ ಸೋತವರೂ ಬರೆಯತೊಡಗಿದರು. ಶಿವರಾಜನಂತೂ ಎಲ್ಲಿಗೆ ಹೋಗಿ ಬಂದರೂ ಬರೆಯುತ್ತಿದ್ದ. ಏಳೆಂಟು ಕಡೆ ಸೋತ. ಒಂದೊಂದು ಸೋಲೂ ಬೇರೆ ಬೇರೆ ಥರ ಇತ್ತು.

ಗೆದ್ದವರ ಬರಹಗಳಲ್ಲಿ ನನಗೆ ಈಗಲೂ ನೆನಪಿರುವುದು ಸಿರುಗುಪ್ಪ ಕಡೆಯ ಒಬ್ಬ ಹುಡುಗನದು. ಹೈದರಾಬಾದಿನಿಂದ ಬಂದ ಇಬ್ಬರು ಅವನನ್ನು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಇವನು ತಡವರಿಸುತ್ತಿದ್ದ. ಅವರಲ್ಲೊಬ್ಬರು ಪಕ್ಕದವರಿಗೆ ಮೆಲ್ಲಗೆ ತೆಲುಗಿನಲ್ಲಿ, "ಈ ಅಬ್ಬಾಯಿಕಿ ಏಮೀ ರಾದು" ಎಂದರಂತೆ. ಈ ಹುಡುಗನಿಗೆ ಏನೂ ಬರುವುದಿಲ್ಲ ಎಂದು. ಇವನು ತಟ್ಟನೆ, "ಅನ್ನೀ ವಚ್ಚು ಸಾರ್, ಇಂಗ್ಲೀಷೇ ರಾದು" ಎಂದನಂತೆ. ಎಲ್ಲ ಬರುತ್ತದೆ, ಇಂಗ್ಲಿಷೊಂದೇ ಬರುವುದಿಲ್ಲ. ಅವರಿಬ್ಬರೂ ನಕ್ಕು, ಮುಂದಿನ ಅರ್ಧ ಗಂಟೆ ತೆಲುಗಿನಲ್ಲೇ ಲೆಕ್ಕಶಾಸ್ತ್ರ ಕೇಳಿ ಕೆಲಸ ಕೊಟ್ಟರು. ಅದನ್ನು ಓದಿದ ಮೇಲೆ ಎರಡು ವರ್ಷ ನಮ್ಮ ಹುಡುಗರು ಹೈದರಾಬಾದಿನ ಯಾರು ಬಂದರೂ ತೆಲುಗಿನಲ್ಲಿ ನಮಸ್ಕಾರ ಹೇಳಿದರು. ಹಾಗೆ ಬಂದವರಲ್ಲಿ ಒಬ್ಬರು ತಮಿಳರಿದ್ದರು. ಅದನ್ನೂ ಬರೆದು ಹಾಕಿದೆವು.

ಆಮೇಲೆ ಸಂದರ್ಶನಗಳು ಫೋನಿನಲ್ಲೇ ನಡೆಯತೊಡಗಿದವು. ಮನೆಯಲ್ಲಿ ಸಿಗ್ನಲ್ ಸಿಗದವರಿಗೆ ಲೈಬ್ರರಿಯ ಹಿಂದಿನ ಹಳೇ ಪತ್ರಿಕೆಗಳ ಕೋಣೆಯನ್ನು ಬಿಡಿಸಿಕೊಟ್ಟೆ. ಅಲ್ಲಿ ಕೂತು ಸಂದರ್ಶನ ಕೊಟ್ಟ ಮೊದಲ ಹುಡುಗಿ ಹೊರಗೆ ಬಂದು, "ಮೇಡಂ, ಫ್ಯಾನಿನ ಸಪ್ಪಳಕ್ಕ ಅವರು ಮೂರು ಸಲ ನೀವು ಫ್ಯಾಕ್ಟರಿನಾಗ ಅದೀರೇನು ಅಂತ ಕೇಳಿದ್ರು" ಎಂದಳು. ಅಂದೇ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ. ಅವರು ಕೂರುವ ಕುರ್ಚಿಯಲ್ಲಿ ಮೊದಲು ನೀವು ಕೂತು ನೋಡಿ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ.

ಶಿವರಾಜ ಪದವಿ ಮುಗಿಸಿ ಹೋದ ಮೇಲೂ ಬರೆದು ಕಳಿಸುತ್ತಿದ್ದ. ಒಂದು ದಿನ ಅವನಿಂದ ಒಂದು ಸಣ್ಣ ಬರಹ ಬಂತು. ಆಸ್ಪತ್ರೆಗಳಿಗೆ, ಕಚೇರಿಗಳಿಗೆ ಕೌಂಟರ್ ಕೆಲಸದ ಜನರನ್ನು ಒದಗಿಸುವ ಒಂದು ಕಂಪನಿಯ ಬಗ್ಗೆ. ಅವರು ನಮ್ಮ ಕಾಲೇಜಿಗೂ ಪ್ರತಿವರ್ಷ ಬರುತ್ತಿದ್ದರು. ಅವನು ಬರೆದದ್ದು ಇಷ್ಟು: "ಕೆಲಸ ಕೊಡುತ್ತೇವೆ, ಮೂಲ ಅಂಕಪಟ್ಟಿಗಳನ್ನು ನಮ್ಮಲ್ಲಿಡಿ ಎಂದರು. ಯಾವಾಗ ವಾಪಸ್ ಎಂದು ಕೇಳಿದೆ. ಎರಡು ವರ್ಷ ಆದ ಮೇಲೆ ಎಂದರು. ಇಟ್ಟುಕೊಂಡಿದ್ದಕ್ಕೆ ಒಂದು ಚೀಟಿ ಬರೆದುಕೊಡಿ ಎಂದೆ. ನಕ್ಕರು. ನಾನು ಎದ್ದು ಬಂದೆ."

ಒಪ್ಪಿಗೆ ಒತ್ತಿದೆ. ಹತ್ತು ದಿನದ ಮೇಲೆ ಪ್ರಾಂಶುಪಾಲರು ಕರೆಸಿದರು. ಕೆಟ್ಟವರಲ್ಲ. ಹುಡುಗರಿಗೆ ಕೆಲಸ ಸಿಗಬೇಕೆಂದು ಕಂಪನಿಗಳ ಬಾಗಿಲಿಗೆ ಸ್ವತಃ ಹೋಗಿ ಕೂತು ಬಂದವರು.

"ನೋಡ್ರಿ ಪದ್ಮಾವತಿಯವರೇ, ಅವರು ಫೋನ್ ಮಾಡಿದ್ರು. ಅದನ್ನ ತೆಗೀದಿದ್ರ ಈ ವರ್ಷದಿಂದ ನಮ್ಮ ಕಾಲೇಜಿಗೆ ಬರಂಗಿಲ್ಲ ಅಂತಾರ."

"ಆ ಹುಡುಗ ಸುಳ್ಳು ಬರೆಯೋನಲ್ಲ ಸರ್."

"ಸುಳ್ಳು ಅಂತ ನಾ ಎಲ್ಲಿ ಅಂದೆ? ವರ್ಷಕ್ಕ ಮೂವತ್ತು ನಲವತ್ತು ಮಂದಿನ್ನ ತಗೊಳ್ಳೋರು ಅವರು. ಒಬ್ಬ ಬರೆದ ನಾಕು ಸಾಲಿಗೆ ಎಲ್ಲಾರ ಬಾಗಿಲು ಮುಚ್ಚಲೇನು?"

ಆಗ ನಾನು ಎಷ್ಟೋ ಮಾಡಬಹುದಿತ್ತು. ತೆಗೆಯಬೇಕೆಂಬ ಮಾತನ್ನು ಬರೆದುಕೊಡಿ ಎನ್ನಬಹುದಿತ್ತು. ಅಂಕಪಟ್ಟಿ ಇಟ್ಟುಕೊಳ್ಳುವುದು ನಿಜವೇ ಎಂದು ಕಂಪನಿಯನ್ನು ಕೇಳಬಹುದಿತ್ತು. ಶಿವರಾಜನಿಗೆ ಒಂದು ಫೋನಾದರೂ ಮಾಡಬಹುದಿತ್ತು. ಯಾವುದನ್ನೂ ಮಾಡಲಿಲ್ಲ. ಹೆದರಿದೆ ಎಂದೂ ಹೇಳಲಾರೆ. ಪ್ರಾಂಶುಪಾಲರ ಮಾತು ಆ ಹೊತ್ತಿಗೆ ನನಗೆ ಸರಿಯೆಂದೇ ಕಂಡಿತು. ಕೆಳಗೆ ಬಂದು ಒಂದು ಗುಂಡಿ ಒತ್ತಿದೆ. ಬರಹ ಹೋಯಿತು.

ಮುಂದಿನ ವಾರ ಶಿವರಾಜ ಬಂದ.

"ಯಾಕ ತೆಗೆದ್ರಿ ಮೇಡಂ?"

"ಮೇಲಿನವರು ಹೇಳಿದ್ರಪಾ."

"ನನಗೊಂದು ಮಾತು ಕೇಳಬೇಕಿತ್ತಲ್ರಿ." ಅವನು ಸಿಟ್ಟಾಗಿರಲಿಲ್ಲ. "ಉಳಿದಿದ್ದೂ ತೆಗೀರಿ. ನನ್ನ ಹೆಸರಿನವು ಎಲ್ಲಾ."

"ಅವನ್ನ ಎಷ್ಟು ಮಂದಿ ಓದ್ತಾರೋ, ಅವು ಇರಲಿ."

"ಬ್ಯಾಡ್ರಿ. ಒಂದು ನಿಜ ಇಟ್ಟು, ಒಂದು ನಿಜ ತೆಗೆದ್ರ, ಇಟ್ಟಿದ್ದೂ ಸುಳ್ಳಾಗತೈತ್ರಿ."

ಎಲ್ಲವನ್ನೂ ತೆಗೆದೆ. ನಾಲ್ಕು ಸಲ ಬಾಯಿ ತೆಗೆದದ್ದೂ ಹೋಯಿತು. ಆ ವರ್ಷ ಕಂಪನಿಯವರು ಬಂದರು, ಹುಡುಗರನ್ನು ಆರಿಸಿಕೊಂಡು ಹೋದರು. ಪ್ರಾಂಶುಪಾಲರು ಸಭೆಯಲ್ಲಿ ನನ್ನ ಕೆಲಸವನ್ನು ಹೊಗಳಿದರು.

ಮರುವರ್ಷ ಒಂದು ಬುಧವಾರ ರೇಣುಕಾ ಬಂದಳು. ಸಿರುಗುಪ್ಪದವಳು, ದರ್ಜಿಯ ಮಗಳು, ನಮ್ಮಲ್ಲೇ ಪದವಿ ಮುಗಿಸಿದವಳು. ಆ ಕಂಪನಿಯ ಮೂಲಕ ಬಳ್ಳಾರಿಯ ಒಂದು ಕಡೆ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಸರ್ಕಾರಿ ಹುದ್ದೆಯ ಪರೀಕ್ಷೆ ಬರೆದಿದ್ದಳು. ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. ಸೋಮವಾರ ಬೆಂಗಳೂರಿನಲ್ಲಿ ದಾಖಲೆ ಪರಿಶೀಲನೆ. ಅಂಕಪಟ್ಟಿಗಳು ಕಂಪನಿಯಲ್ಲಿದ್ದವು.

"ಕೇಳಿದ್ರ ಇವತ್ತು, ನಾಳೆ ಅಂತಾರ್ರಿ. ಹದಿನೈದು ದಿನದಿಂದ ತಿರುಗಾಕತ್ತೀನಿ."

"ಮೂಲ ಅಂಕಪಟ್ಟಿ ಯಾಕೆ ಕೊಟ್ಟೆಮ್ಮ?"

ಅವಳು ನನ್ನನ್ನೇ ನೋಡಿದಳು. "ಸೇರೋ ಮುಂಚೆ ನಮ್ಮ ಅನುಭವದ ಪುಟದಾಗ ಹುಡುಕಿದ್ದೆ ಮೇಡಂ. ಬ್ಯಾರೆ ಕಂಪನಿಗಳ ಬಗ್ಗೆ ಛಲೋದು, ಕೆಟ್ಟದ್ದು ಎಲ್ಲಾ ಬರೆದಿದ್ರು. ಇವರ ಬಗ್ಗೆ ಏನೂ ಕೆಟ್ಟದ್ದು ಇರಲಿಲ್ಲ. ನಮ್ಮ ಪುಟದಾಗ ಇಲ್ಲಂದ್ರ ಇರಂಗಿಲ್ಲ ಅಂದ್ಕೊಂಡೆ."

ನಾನು ಎದ್ದು ನೀರು ಕುಡಿದು ಬಂದೆ. ಅವಳಿಗೆ ಆಗ ಏನನ್ನೂ ಹೇಳಲಿಲ್ಲ. ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಕುರುಗೋಡಿನ ಬಸ್ಸು ಹತ್ತಿದೆ.

ಶಿವರಾಜ ಊರಿನ ಬಸ್‌ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಅರ್ಜಿ ತುಂಬಿಕೊಡುವ, ಝೆರಾಕ್ಸ್ ಮಾಡಿಕೊಡುವ ಅಂಗಡಿ ಇಟ್ಟಿದ್ದ. ನನ್ನನ್ನು ನೋಡಿ ಸ್ಟೂಲು ಎಳೆದು ಕೊಟ್ಟು, ಎದುರಿಗಿದ್ದ ಅಜ್ಜಿಯ ಪಿಂಚಣಿ ಅರ್ಜಿ ಪೂರ್ತಿ ಮುಗಿಸಿದ. ಆಮೇಲೆ ನನ್ನ ಕಡೆ ತಿರುಗಿದ. ನಾನು ರೇಣುಕಾಳ ಸುದ್ದಿ ಹೇಳಿದೆ. ಅವಳು ಪುಟದಲ್ಲಿ ಹುಡುಕಿದ್ದನ್ನೂ ಹೇಳಿದೆ. ಅವನು ಕೀಬೋರ್ಡಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತ ಕೂತ.

"ನನ್ನ ಹಳೇ ಫೋನಿನಾಗ ಅವರು ಕಳಿಸಿದ ಮೆಸೇಜ್ ಐತ್ರಿ" ಎಂದ. "ಬರುವಾಗ ಮೂಲ ಅಂಕಪಟ್ಟಿ ತಗೊಂಡು ಬರ್ರಿ, ಆಫೀಸಿನಾಗ ಇಡಬೇಕು ಅಂತ. ನಾಳೆ ತರತೀನಿ."

"ಅಂಗಡಿ?"

"ಒಂದಿನ ಮುಚ್ಚಿದ್ರ ಏನಾಗತೈತ್ರಿ."

ಮರುದಿನ ಮೂವರೂ ಕಂಪನಿಯ ಆಫೀಸಿಗೆ ಹೋದೆವು. ಮೆಟ್ಟಿಲು ಹತ್ತಿದರೆ ಎರಡು ಕೋಣೆ. ಮ್ಯಾನೇಜರು, "ನಾವು ಯಾರ ಒರಿಜಿನಲ್ಲೂ ಇಟ್ಟುಕೊಳ್ಳೋದಿಲ್ಲ ಮೇಡಂ" ಎಂದ. ಶಿವರಾಜ ಹಳೇ ಫೋನನ್ನು ಮೇಜಿನ ಮೇಲಿಟ್ಟ. ಮ್ಯಾನೇಜರು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಅವೆಲ್ಲ ಹೆಡ್ ಆಫೀಸಿನಲ್ಲಿವೆ, ತರಿಸಬೇಕು, ಟೈಮ್ ಬೇಕು ಎಂದ. ನಾನು ಅಲ್ಲಿಂದಲೇ ಪ್ರಾಂಶುಪಾಲರಿಗೆ ಫೋನ್ ಹಚ್ಚಿದೆ.

"ಸರ್, ನೀವು ಈಗ ಇಲ್ಲಿಗೆ ಬರಬೇಕು."

"ಕ್ಲಾಸ್ ಐತಲ್ರಿ..."

"ಬರಬೇಕು ಸರ್."

ಮೂವತ್ತು ವರ್ಷದಲ್ಲಿ ಯಾವ ಮೇಲಧಿಕಾರಿಗೂ ನಾನು ಹಾಗೆ ಹೇಳಿರಲಿಲ್ಲ. ಅವರು ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಮೆಸೇಜ್ ಓದಿದರು, ರೇಣುಕಾಳ ಮುಖ ನೋಡಿದರು. ಆಮೇಲೆ ಮ್ಯಾನೇಜರಿಗೆ, "ನಮ್ಮ ಹುಡುಗಿದು ತರಿಸ್ರಿ. ಇಲ್ಲಾಂದ್ರ ಇವರ ಜೋಡಿ ಸ್ಟೇಷನ್ನಿಗೆ ನಾನೇ ಬರತೀನಿ" ಎಂದರು. ಮ್ಯಾನೇಜರು ನಮ್ಮ ಮುಂದೆಯೇ ಹೆಡ್ ಆಫೀಸಿಗೆ ಫೋನ್ ಮಾಡಿದ. ಕೊರಿಯರ್ ಹಾಕುತ್ತೇವೆ ಎಂದರು.

ಕೆಳಗೆ ಬಂದ ಮೇಲೆ ನಾನು ರೇಣುಕಾಳಿಗೆ ಹೇಳಿದೆ. ಶಿವರಾಜ ಪಕ್ಕದಲ್ಲೇ ಇದ್ದ.

"ಆ ಕಂಪನಿ ಬಗ್ಗೆ ಬರೆದಿದ್ದು ಇತ್ತಮ್ಮ. ಇವನೇ ಬರೆದಿದ್ದ. ನಾನು ತೆಗೆದೆ."

"ಯಾವಾಗ್ರಿ?"

"ನೀನು ಸೇರೋಕ್ಕಿಂತ ಮುಂಚೆ."

ಅವಳು ನಾನು ಅಂದುಕೊಂಡ ಹಾಗೆ ಅಳಲಿಲ್ಲ, ಬೈಯಲೂ ಇಲ್ಲ. "ಬಸ್ಸಿಗೆ ಹೊತ್ತಾತ್ರಿ" ಎಂದು ಹೋದಳು.

ಸೋಮವಾರದ ಒಳಗೆ ಕೊರಿಯರ್ ಬರಲಿಲ್ಲ. ಅವಳು ಝೆರಾಕ್ಸ್ ಪ್ರತಿಗಳು, ಪ್ರಾಂಶುಪಾಲರ ಪತ್ರ ಹಿಡಿದು ತಂದೆಯ ಜೊತೆ ಬೆಂಗಳೂರಿಗೆ ಹೋದಳು. ಸಂಜೆ ಐದರೊಳಗೆ ಮೂಲ ಪ್ರತಿ ತೋರಿಸಬೇಕು ಎಂದರಂತೆ. ಐದರವರೆಗೆ ಅಲ್ಲೇ ಬೆಂಚಿನ ಮೇಲೆ ಕೂತು ವಾಪಸ್ ಬಂದಳು. ಲಕೋಟೆ ಮಂಗಳವಾರ ಬಂತು. ಕೊನೆಯ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಶಿವರಾಜನನ್ನು ಕೇಳಿ ಅವನ ಬರಹವನ್ನು ಮತ್ತೆ ಹಾಕಿದೆ. ಈ ಸಲ ಪ್ರಾಂಶುಪಾಲರೇ, "ಹಾಕ್ರಿ, ಅವರು ಬರದಿದ್ರ ಬರದಿರಲಿ" ಎಂದರು. ಇನ್ನು ಮುಂದೆ ಬರೆದವರನ್ನು ಕೇಳದೆ ಒಂದನ್ನೂ ತೆಗೆಯುವುದಿಲ್ಲ, ಕಂಪನಿಯವರು ತಕರಾರು ಮಾಡಿದರೆ ಅವರ ಉತ್ತರವನ್ನೂ ಕೆಳಗೆ ಹಾಕುವುದು ಎಂದು ನಿಯಮ ಬರೆದೆವು. ಆ ಕಂಪನಿ ಮತ್ತೆ ಬರಲಿಲ್ಲ. ಅದರಿಂದ ಆ ವರ್ಷ ಕೆಲಸ ಸಿಗದೆ ಉಳಿದವರೂ ಇದ್ದರು. ಅದನ್ನು ಮುಚ್ಚಿಡುವುದಿಲ್ಲ. ಅವರ ತಂದೆತಾಯಿಗಳ ಪ್ರಶ್ನೆಗಳಿಗೆ ಪ್ರಾಂಶುಪಾಲರು ಒಬ್ಬರೇ ಉತ್ತರ ಕೊಟ್ಟರು, ನನ್ನ ಹೆಸರು ಎತ್ತಲಿಲ್ಲ.

ಒಂದೂವರೆ ತಿಂಗಳ ಮೇಲೆ ರೇಣುಕಾಳಿಂದ ಒಂದು ಬರಹ ಬಂತು. ಅಂಕಪಟ್ಟಿ ಕೊಟ್ಟದ್ದು, ಹದಿನೈದು ದಿನ ತಿರುಗಿದ್ದು, ಬೆಂಚಿನ ಮೇಲೆ ಕೂತದ್ದು ಎಲ್ಲ ಇತ್ತು. ನಡುವೆ ಈ ಸಾಲುಗಳಿದ್ದವು: "ಈ ಕಂಪನಿ ಹೀಗೆ ಮಾಡುತ್ತದೆ ಎಂದು ನಮ್ಮ ಸೀನಿಯರ್ ಒಬ್ಬರು ಮೊದಲೇ ಬರೆದಿದ್ದರು. ಪುಟ ನೋಡಿಕೊಳ್ಳುವ ಮೇಡಂ ಅದನ್ನು ತೆಗೆದಿದ್ದರು. ಆಮೇಲೆ ಅವರೇ ನನಗೆ ಹೇಳಿದರು. ಅವರು ನನ್ನ ಜೊತೆ ಬಂದರು, ಆದರೆ ತಡವಾಗಿತ್ತು. ನೀವು ಪುಟದಲ್ಲಿ ಏನಿದೆ ಎಂದಷ್ಟೇ ನೋಡಬೇಡಿ. ಇಲ್ಲದ್ದನ್ನು ಹೋಗಿ ಕೇಳಿ."

ಮೂರು ಸಲ ಓದಿದೆ. ಸಿರುಗುಪ್ಪಕ್ಕೆ ಫೋನ್ ಮಾಡಿದೆ.

"ರೇಣುಕಾ, ನಿನ್ನ ಬರಹ ಬಂದೈತಿ. ಹಾಕತೀನಿ."

"ಏನಾರ ತಿದ್ದೋದೈತೇನ್ರಿ?" ಅವಳ ದನಿ ಬಿಗಿಯಾಗಿತ್ತು.

"ಎರಡು ಕಡೆ ಕಾಗುಣಿತ ತಪ್ಪೈತಿ."

"ಅಷ್ಟು ತಿದ್ರಿ" ಎಂದಳು.

ಅಷ್ಟೇ ತಿದ್ದಿ ಹಾಕಿದೆ. ರೇಣುಕಾ ಈಗ ಸಿರುಗುಪ್ಪದಲ್ಲಿ ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ಪರೀಕ್ಷೆಗಳನ್ನು ಇನ್ನೂ ಬರೆಯುತ್ತಿದ್ದಾಳೆ. ನನಗೆ ಫೋನ್ ಮಾಡುವುದಿಲ್ಲ. ಮಾಡಬೇಕೆಂದು ನಾನೂ ನಿರೀಕ್ಷಿಸುವುದಿಲ್ಲ.

ಆ ಬರಹ ಹಾಕಿದ ಮೇಲೆ ಕೆಲವು ದಿನ ನನಗೆ ಕೌಂಟರಿನಲ್ಲಿ ಕೂರುವುದೇ ಕಷ್ಟವಾಯಿತು. ಪುಸ್ತಕ ತೆಗೆದುಕೊಳ್ಳಲು ಬಂದವರು ನನ್ನ ಮುಖ ನೋಡಿ ಕಣ್ಣು ತಗ್ಗಿಸುತ್ತಿದ್ದರು. ಇನ್ನು ಯಾರೂ ಈ ಪುಟಕ್ಕೆ ಬರೆಯುವುದಿಲ್ಲ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಕೊಳಗಲ್ಲಿನಿಂದ ಬರುವ, ಎರಡನೇ ವರ್ಷದ ಒಬ್ಬ ಹುಡುಗಿ ಎದುರಿಗೆ ಬಂದು ನಿಂತಳು. ಅವಳ ಹೆಸರೂ ನನಗೆ ತಿಳಿದಿರಲಿಲ್ಲ.

"ಮೇಡಂ, ರೇಣುಕಾ ಅಕ್ಕಾರು ಬರೆದಾರಲ್ರಿ, ತೆಗೆದಿದ್ದ ಮೇಡಂ ಅಂತ. ಅದು ನೀವೇನ್ರಿ?"

"ಹೌದಮ್ಮ. ನಾನೇ."

"ಅದನ್ನ ಒಪ್ಪಿಗಿ ಒತ್ತಿ ಹಾಕಿದ್ದೂ ನೀವೇನ್ರಿ?"

"ಅದೂ ನಾನೇ."

ಅವಳು ಹಿಂದೆ ಮುಂದೆ ನೋಡಿದಳು. ಆಮೇಲೆ ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

"ರಜಾದಾಗ ಒಂದು ಕಡೆ ಕೆಲಸಕ್ಕ ಕೇಳಾಕ ಹೋಗಿದ್ದೆ ಮೇಡಂ. ಒಳಗ ಏನೋ ಆತು. ಮನಿಯಾಗೂ ಹೇಳಿಲ್ಲ. ಬರೆಯಾಕ ಬರಂಗಿಲ್ಲ, ನಾ ಹೇಳತೀನಿ, ನೀವು ಬರಕೊಳ್ರಿ."

ನಾನು ಲೈಬ್ರರಿಯ ಬಾಗಿಲು ಮುಂದೆ ಮಾಡಿ ಬಂದು, ಪೆನ್ನು ತೆಗೆದೆ.